ಮಾನಿಟರ್ ಎರಡು, ಸಾಲು ಒಂದೇ: ಮೆಸೇಜ್ ಬಾಕ್ಸ್ ಎಲ್ಲಿ ಅಡಗಿ ಕೂರುತ್ತದೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಡಿಕೆ ಅಂಗಡಿ ಅಂತ ಇಟ್ಟುಕೊಳ್ಳಿ. ಬಿಲ್ಲಿಂಗ್ ಕಂಪ್ಯೂಟರಿಗೆ ಎರಡು ಮಾನಿಟರ್. ಒಂದು ಬಿಲ್ ಮಾಡುವವರ ಕಡೆಗೆ, ಇನ್ನೊಂದು ಅಡಿಕೆ ತಂದವರ ಕಡೆಗೆ ತಿರುಗಿದೆ. ಎರಡನೆಯದರಲ್ಲಿ ತೂಕ, ದರ, ಒಟ್ಟು ಮೊತ್ತ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ. ಹೊರಗೆ ಜೀಪಿನಿಂದ ಗೋಣಿ ಇಳಿಯುತ್ತಿದೆ. ಹೊಸ ಚಾಲಿ, ಹಳೆ ಚಾಲಿ, ಪಟೋರ ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ದರ ಹಾಕಬೇಕು. ಅಷ್ಟರಲ್ಲಿ ಪ್ರೋಗ್ರಾಂ ಕ್ಲಿಕ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಎಲ್ಲಿ ಒತ್ತಿದರೂ ಬರೀ ಟಂಗ್ ಟಂಗ್ ಸದ್ದು. ಸಾಫ್ಟ್‌ವೇರ್ ಮಾಡಿಕೊಟ್ಟವನಿಗೆ ಫೋನ್ ಬರುತ್ತದೆ: "ಎಂತ ಮಾರಾಯ್ರೇ, ಪುನಃ ಹ್ಯಾಂಗ್ ಆಯ್ತಲ್ಲ?"

ಹ್ಯಾಂಗ್ ಆಗಿರುವುದಿಲ್ಲ. ಆ ಟಂಗ್ ಸದ್ದೇ ಅದಕ್ಕೆ ಸಾಕ್ಷಿ. ನಿಜವಾಗಿ ಹ್ಯಾಂಗ್ ಆದ ಪ್ರೋಗ್ರಾಂ ಸದ್ದು ಮಾಡುವುದಿಲ್ಲ. ವಿಂಡೋಸ್‌ನಲ್ಲಿ ಅದು ಬಿಳಿಚಿಕೊಂಡು, ಮೇಲಿನ ಪಟ್ಟಿಯಲ್ಲಿ 'ನಾಟ್ ರೆಸ್ಪಾಂಡಿಂಗ್' ಅಂತ ಬರೆದುಕೊಂಡು ಸುಮ್ನೆ ಕೂರುತ್ತದೆ. ಟಂಗ್ ಅಂದರೆ ಅರ್ಥ ಬೇರೆ: "ನಾನೊಂದು ಪ್ರಶ್ನೆ ಕೇಳಿದ್ದೇನೆ, ಮೊದಲು ಅದಕ್ಕೆ ಉತ್ತರ ಕೊಡಿ." ಪ್ರಶ್ನೆ ಎಲ್ಲಿದೆ ಅಂತ ಮಾತ್ರ ಕಾಣುತ್ತಿಲ್ಲ. ಅದನ್ನು ಕೇಳುವ ಸಣ್ಣ ಪೆಟ್ಟಿಗೆ, ಅಂದರೆ ಮೆಸೇಜ್ ಬಾಕ್ಸ್, ಯಾವುದೋ ವಿಂಡೋದ ಹಿಂದೆ ಇದೆ.

ಒಂದೇ ಮಾನಿಟರ್ ಇದ್ದಾಗ ಇದು ಅಪರೂಪ. ಎರಡಾದಾಗ ಜಾಸ್ತಿ. ಯಾಕೆ ಅಂತ ತಿಳಿಯಬೇಕಾದರೆ ಕಂಪ್ಯೂಟರ್ ವಿಂಡೋಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸುತ್ತದೆ ಅಂತ ನೋಡಬೇಕು.

ಎರಡು ಮಾನಿಟರ್ ಅಂದರೆ ಎರಡು ಬೇರೆ ಬೇರೆ ಡೆಸ್ಕ್‌ಟಾಪ್ ಅಂತ ನಮಗೆ ಅನಿಸುತ್ತದೆ. ವಿಂಡೋಸ್‌ಗೆ ಹಾಗಿಲ್ಲ. ಅದಕ್ಕೆ ಇರುವುದು ಒಂದೇ ಅಗಲವಾದ ಬಯಲು. ಮುಖ್ಯ ಮಾನಿಟರಿನ ಎಡ ಮೇಲಿನ ಮೂಲೆ ಸೊನ್ನೆ, ಸೊನ್ನೆ. ಅದು 1920 ಚುಕ್ಕಿ ಅಗಲ ಇದ್ದರೆ, ಬಲಗಡೆ ಇಟ್ಟ ಎರಡನೇ ಮಾನಿಟರ್ 1920ರಿಂದ ಶುರುವಾಗುತ್ತದೆ. ಅದನ್ನೇ ಎಡಗಡೆ ಇಟ್ಟರೆ ಲೆಕ್ಕ ಮೈನಸ್‌ಗೆ ಹೋಗುತ್ತದೆ: -1920ರಿಂದ -1ರವರೆಗೆ. ಮೈನಸ್ ಅಂಕಿ ಕಂಡರೆ ತಪ್ಪು ಅಂತ ತಿಳಿದು ಅದನ್ನು ಸೊನ್ನೆ ಮಾಡುವ ಪ್ರೋಗ್ರಾಂಗಳು ಈಗಲೂ ಇವೆ. ಅಂಥವುಗಳ ವಿಂಡೋ ಎಡ ಮಾನಿಟರಿಗೆ ಹೋಗುವುದೇ ಇಲ್ಲ, ಎಷ್ಟು ಸಲ ಎಳೆದು ಇಟ್ಟರೂ ಮರುದಿನ ಮುಖ್ಯ ಮಾನಿಟರಿಗೇ ಬಂದಿರುತ್ತವೆ.

ಬಯಲು ಒಂದೇ ಆದ ಹಾಗೆ ಸಾಲೂ ಒಂದೇ. ತೆರೆದಿರುವ ಎಲ್ಲ ವಿಂಡೋಗಳನ್ನೂ ವಿಂಡೋಸ್ ಒಂದು ಪಟ್ಟಿಯಲ್ಲಿ ಇಟ್ಟಿರುತ್ತದೆ. ಎಲ್ಲಕ್ಕಿಂತ ಮೇಲಿನದು ಮೊದಲು, ಅಡಿಯದು ಕೊನೆಗೆ. ಪ್ರೋಗ್ರಾಂ ಬರೆಯುವವರು ಇದನ್ನು ಝೆಡ್ ಆರ್ಡರ್ ಅನ್ನುತ್ತಾರೆ. ಮಾನಿಟರಿಗೊಂದು ಪಟ್ಟಿ ಇಲ್ಲ. ಸೊಸೈಟಿಯಲ್ಲಿ ಕೌಂಟರ್ ಎರಡಿದ್ದರೂ ಟೋಕನ್ ನಂಬರ್ ಒಂದೇ ಸಾಲಿನಲ್ಲಿ ಹೋಗುತ್ತದಲ್ವಾ, ಹಾಗೆ. ಎರಡನೇ ಮಾನಿಟರಿನಲ್ಲಿ ನಿಮಗೆ ಮೇಲೆ ಕಾಣುವ ವಿಂಡೋ ಆ ಪಟ್ಟಿಯಲ್ಲಿ ಏಳನೆಯದೋ ಎಂಟನೆಯದೋ ಆಗಿರಬಹುದು. ಅದಕ್ಕಿಂತ ಮುಂದಿನವೆಲ್ಲ ಮೊದಲ ಮಾನಿಟರಿನಲ್ಲಿ ಇರುವುದರಿಂದ ಇದಕ್ಕೆ ಅಡ್ಡ ಬರುತ್ತಿಲ್ಲ, ಅಷ್ಟೇ. ಚಿತ್ರ ಬಿಡಿಸುವುದು ಅಡಿಯಿಂದ ಮೇಲಕ್ಕೆ. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಿಂದ ಈಚೆಗೆ ಒಂದೊಂದು ವಿಂಡೋದ ಚಿತ್ರವನ್ನೂ ಪ್ರತ್ಯೇಕ ಇಟ್ಟುಕೊಂಡು, ಈ ಪಟ್ಟಿಯ ಪ್ರಕಾರ ಜೋಡಿಸಿ ತೆರೆಗೆ ಕಳಿಸುವ ಕ್ರಮ ಬಂದಿದೆ.

ಸಾಲಿಗೆ ಎರಡು ಭಾಗ ಉಂಟು. ಮುಂದಿನ ಭಾಗ 'ಟಾಪ್‌ಮೋಸ್ಟ್' ವಿಂಡೋಗಳದ್ದು, ಅಂದರೆ ಸದಾ ಮೇಲೆ ಇರಲಿ ಅಂತ ಪ್ರೋಗ್ರಾಂ ಗುರುತು ಹಾಕಿದವುಗಳದ್ದು. ಹಿಂದಿನದು ಉಳಿದ ಎಲ್ಲದರದ್ದು. ನೀವು ಒಂದು ವಿಂಡೋದ ಮೇಲೆ ಕ್ಲಿಕ್ ಮಾಡಿದರೆ ಅದು ತನ್ನ ಭಾಗದ ಮುಂದಕ್ಕೆ ಬರುತ್ತದೆ, ಭಾಗ ದಾಟುವುದಿಲ್ಲ. ಸಾಮಾನ್ಯ ವಿಂಡೋ ಎಷ್ಟೇ ಮುಂದೆ ಬಂದರೂ ಟಾಪ್‌ಮೋಸ್ಟ್‌ಗಳ ಕೊನೆಯದರ ಹಿಂದೆಯೇ. ಈ ಒಂದು ನಿಯಮವೇ ನಮ್ಮ ಅಡಿಕೆ ಅಂಗಡಿಯ ಟಂಗ್ ಸದ್ದಿನ ಮೂಲ.

ಮಾಲೀಕ ವಿಂಡೋ, ಅಧೀನ ವಿಂಡೋ

ಅದಕ್ಕೆ ಮೊದಲು ಇನ್ನೊಂದು ವಿಷಯ. ವಿಂಡೋಗಳ ನಡುವೆ ಸಂಬಂಧ ಹೇಳುವ ಅವಕಾಶ ಇದೆ. ಏನಾದರೂ ಕೇಳಲು ತೆರೆಯುವ ಈ ಸಣ್ಣ ವಿಂಡೋಗೆ, ಅಂದರೆ ಡಯಲಾಗ್ ಬಾಕ್ಸಿಗೆ, ಆ ದೊಡ್ಡ ವಿಂಡೋ 'ಓನರ್' ಅಂತ ಪ್ರೋಗ್ರಾಂ ಹೇಳಬಹುದು. ಹೇಳಿದ ಕೂಡಲೇ ಕೆಲವು ಸಂಗತಿಗಳು ತಾನಾಗಿ ನಡೆಯುತ್ತವೆ. ಅಧೀನ ವಿಂಡೋ ಯಾವಾಗಲೂ ಮಾಲೀಕನ ಮೇಲೆಯೇ ಇರುತ್ತದೆ, ಹಿಂದೆ ಹೋಗಲು ಸಾಧ್ಯವೇ ಇಲ್ಲ. ಮಾಲೀಕನನ್ನು ಮಿನಿಮೈಸ್ ಮಾಡಿದರೆ ಅದೂ ಮಾಯ. ಮಾಲೀಕನನ್ನು ಮುಚ್ಚಿದರೆ ಅದೂ ಮುಚ್ಚಿ ಹೋಗುತ್ತದೆ. ಕೆಳಗಿನ ಟಾಸ್ಕ್‌ಬಾರಿನಲ್ಲಿ ಅದಕ್ಕೆ ಪ್ರತ್ಯೇಕ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ.

ಇದು ಒಳ್ಳೆಯ ವ್ಯವಸ್ಥೆ. ಮೆಸೇಜ್ ಬಾಕ್ಸ್ ಹಿಂದೆ ಬೀಳಬಾರದು ಅಂತಿದ್ದರೆ ಓನರ್ ಹೇಳಿದರೆ ಸಾಕು. ಆದರೂ ಹಿಂದೆ ಬೀಳುತ್ತದೆ. ಹೇಗೆ? ಬಿಲ್ಲಿಂಗ್ ಪ್ರೋಗ್ರಾಂ ತೂಕದ ಯಂತ್ರದಿಂದ ಕೇಬಲ್ ಮೂಲಕ ಅಂಕಿ ಓದುತ್ತದೆ. ಆ ಓದುವ ಕೆಲಸ, ಮುಖ್ಯ ಕೆಲಸದ ಜತೆಗೇ ಬೇರೆಯಾಗಿ ಓಡುವ ಹಿನ್ನೆಲೆಯ ಇನ್ನೊಂದು ಥ್ರೆಡ್‌ನಲ್ಲಿ ನಡೆಯುತ್ತಿರುತ್ತದೆ. ಕೇಬಲ್ ಸ್ವಲ್ಪ ಸಡಿಲವಾಗಿ ಅಂಕಿ ಬರದಿದ್ದರೆ 'ತೂಕ ಸಿಗುತ್ತಿಲ್ಲ' ಅಂತ ಅಲ್ಲಿಂದಲೇ ಮೆಸೇಜ್ ಬಾಕ್ಸ್ ಹಾಕಿಬಿಡುತ್ತಾರೆ. ಓನರ್ ಹೇಳದಿದ್ದರೆ, ಪ್ರೋಗ್ರಾಂ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನ ಮೆಸೇಜ್ ಬಾಕ್ಸ್ ಆ ಥ್ರೆಡ್‌ನಲ್ಲಿ ಆಗ ಸಕ್ರಿಯವಾಗಿರುವ ವಿಂಡೋವನ್ನು ಹುಡುಕಿ ಓನರ್ ಮಾಡಿಕೊಳ್ಳುತ್ತದೆ. ಹಿನ್ನೆಲೆ ಥ್ರೆಡ್‌ನಲ್ಲಿ ವಿಂಡೋವೇ ಇಲ್ಲ. ಹಾಗಾಗಿ ಬಾಕ್ಸ್ ಅನಾಥ. ಯಾರಾದರೂ ಮುಖ್ಯ ವಿಂಡೋದ ಮೇಲೆ ಒಂದು ಕ್ಲಿಕ್ ಮಾಡಿದರೆ ಅದು ಹಿಂದೆ ಸರಿಯುತ್ತದೆ.

ಆದರೆ ಇಲ್ಲಿ ಟಂಗ್ ಸದ್ದು ಬರುವುದಿಲ್ಲ. ಮೆಸೇಜ್ ಬಾಕ್ಸ್ ಉತ್ತರ ಸಿಗುವವರೆಗೆ ಬೀಗ ಹಾಕುವುದು ತನ್ನ ಓನರಿಗೆ. ಇಲ್ಲಿ ಓನರ್ ಇಲ್ಲದ್ದರಿಂದ ಮುಖ್ಯ ವಿಂಡೋಗೆ ಬೀಗ ಬಿದ್ದಿಲ್ಲ, ಕ್ಲಿಕ್ ಎಲ್ಲ ನಡೆಯುತ್ತದೆ. ತೂಕದ ಅಂಕಿ ಮಾತ್ರ ನಿಂತಲ್ಲೇ ನಿಂತಿರುತ್ತದೆ, ಯಾಕೆಂದರೆ ಆ ಥ್ರೆಡ್ ಉತ್ತರಕ್ಕೆ ಕಾಯುತ್ತಿದೆ. ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಕ್ಲಿಕ್ ಮಾಡಿದರೆ ಸದ್ದು ಬರ್ತದಾ, ಅಥವಾ ತೂಕ ಮಾತ್ರ ನಿಂತಿದೆಯಾ?" ಎರಡಕ್ಕೂ ಕಾರಣ ಬೇರೆ ಬೇರೆ.

ಟಂಗ್ ಸದ್ದಿನ ಕತೆ

ಈಗ ಸದ್ದು ಬರುವ ಕೇಸಿಗೆ ಬರೋಣ. ಇಲ್ಲಿ ಓನರ್ ಸರಿಯಾಗಿಯೇ ಇರುತ್ತದೆ.

ಗ್ರಾಹಕರ ಕಡೆಯ ಪರದೆ ಯಾವಾಗಲೂ ಕಾಣುತ್ತಿರಬೇಕು, ಅದರ ಮೇಲೆ ಏನೂ ಬರಬಾರದು ಅಂತ ಅಂಗಡಿಯವರು ಹೇಳಿರುತ್ತಾರೆ. ಪ್ರೋಗ್ರಾಂ ಬರೆದವರು ಆ ವಿಂಡೋಗೆ ಟಾಪ್‌ಮೋಸ್ಟ್ ಅಂತ ಗುರುತು ಹಾಕುತ್ತಾರೆ. ಒಂದೇ ಸಾಲು ಕೋಡ್, ಕೆಲಸ ಮುಗಿಯಿತು. ಅದೇ ಪ್ರೋಗ್ರಾಂನಲ್ಲಿ 'ದರ ಬದಲಿಸಿ' ಅನ್ನುವ ಡಯಲಾಗ್ ಇದೆ. ಅದರ ಓನರ್ ಮುಖ್ಯ ವಿಂಡೋ. ಅದು ಕೊನೆಯ ಸಲ ಎಲ್ಲಿ ಮುಚ್ಚಿತೋ ಮುಂದಿನ ಸಲ ಅಲ್ಲೇ ತೆರೆಯುವ ಹಾಗೆ ಜಾಗ ನೆನಪಿಟ್ಟುಕೊಳ್ಳುತ್ತದೆ. ಯಾವತ್ತೋ ಒಂದು ದಿನ, ಗ್ರಾಹಕರ ಪರದೆ ಇನ್ನೂ ಶುರು ಮಾಡದೆ ಇದ್ದಾಗ, ಯಾರೋ ಆ ಡಯಲಾಗನ್ನು ಎರಡನೇ ಮಾನಿಟರಿಗೆ ಎಳೆದು ಅಲ್ಲೇ ಮುಚ್ಚಿರುತ್ತಾರೆ.

ಮುಂದಿನ ಸಲ ದರ ಬದಲಿಸಲು ಒತ್ತಿದಾಗ ಡಯಲಾಗ್ ಎರಡನೇ ಮಾನಿಟರಿನಲ್ಲಿ ತೆರೆಯುತ್ತದೆ. ಮುಖ್ಯ ವಿಂಡೋಗೆ ಬೀಗ ಬೀಳುತ್ತದೆ. ಡಯಲಾಗ್ ತನ್ನ ಮಾಲೀಕನ ಮೇಲೆ ಇದೆ, ನಿಯಮ ಎಲ್ಲೂ ತಪ್ಪಿಲ್ಲ. ಆದರೆ ಅದು ಸಾಮಾನ್ಯ ಭಾಗದ್ದು. ಗ್ರಾಹಕರ ಪರದೆ ಟಾಪ್‌ಮೋಸ್ಟ್ ಭಾಗದ್ದು. ಹಾಗಾಗಿ ಡಯಲಾಗ್ ಪೂರ್ತಿ ಅದರ ಅಡಿಗೆ. ಇತ್ತ ಅಡಿಕೆ ತಂದವರಿಗೆ ಹಳೆಯ ತೂಕ ಕಾಣುತ್ತಾ ಇದೆ, ಅತ್ತ ಬಿಲ್ ಮಾಡುವವರಿಗೆ ಟಂಗ್.

ಇಂಥ ಹೊತ್ತಿಗೆ ಏನು ಮಾಡಬೇಕು? ಎಂಟರ್ ಮಾತ್ರ ಒತ್ತಬೇಡಿ. ಕಾಣದ ಪ್ರಶ್ನೆಗೆ 'ಯೆಸ್' ಅಂದ ಹಾಗೆ ಆಗುತ್ತದೆ, ಅದು 'ಬಿಲ್ ಅಳಿಸಲೇ?' ಅಂತಲೂ ಇರಬಹುದು. ಎಸ್ಕೇಪ್ ಒತ್ತಿದರೆ ಹೆಚ್ಚಿನ ಡಯಲಾಗ್‌ಗಳು ರದ್ದಾಗಿ ಮುಚ್ಚುತ್ತವೆ. ಅದರಲ್ಲಿ ಇರುವುದನ್ನು ನೋಡಲೇಬೇಕು ಅಂತಿದ್ದರೆ ವಿಂಡೋಸ್ ಕೀ, ಶಿಫ್ಟ್, ಎಡ ಅಥವಾ ಬಲ ಬಾಣ ಒಟ್ಟಿಗೆ ಒತ್ತಿ. ವಿಂಡೋಸ್ 7ರಿಂದ ಈಚೆಗೆ ಇದು ಸಕ್ರಿಯವಾಗಿರುವ ವಿಂಡೋವನ್ನು ಪಕ್ಕದ ಮಾನಿಟರಿಗೆ ದಾಟಿಸುತ್ತದೆ.

ಕೋಡ್ ಬರೆಯುವವರಿಗೆ ನನ್ನ ಅಭಿಪ್ರಾಯ: ಗ್ರಾಹಕರ ಪರದೆಗೆ ಟಾಪ್‌ಮೋಸ್ಟ್ ಬೇಕಾಗುವುದೇ ಕಡಿಮೆ. ಅಂಚಿಲ್ಲದ ವಿಂಡೋ ಮಾಡಿ, ಎರಡನೇ ಮಾನಿಟರ್ ಪೂರ್ತಿ ತುಂಬುವ ಹಾಗೆ ಇಟ್ಟರೆ ಸಾಕು. ಅಲ್ಲಿಗೆ ಬೇರೆ ವಿಂಡೋ ತಾನಾಗಿ ಬರುವುದು ಅಪರೂಪ. ಬಂದರೂ ಒಂದು ಕ್ಲಿಕ್ಕಿಗೆ ಸರಿಯಾಗುತ್ತದೆ. ಟಾಪ್‌ಮೋಸ್ಟ್ ಹಾಕಿದರೆ ಬೇಕಾದ್ದೂ ಅಡಿಗೆ ಬಿದ್ದು ಮಾಯವಾಗುತ್ತದೆ. ಇನ್ನೊಂದು ಪ್ರೋಗ್ರಾಂ ಕೂಡ ಟಾಪ್‌ಮೋಸ್ಟ್ ಅಂತ ಹೇಳಿಕೊಂಡರೆ? ಆ ಭಾಗದೊಳಗೆ ಪುನಃ ಹಳೆಯ ನಿಯಮವೇ, ಕೊನೆಗೆ ಬಂದವನು ಮೇಲೆ. 'ಅರ್ಧ ಸೆಕೆಂಡಿಗೊಮ್ಮೆ ನನ್ನನ್ನು ಮೇಲೆ ತರು' ಅಂತ ಟೈಮರ್ ಇಟ್ಟ ಕೋಡ್ ನೋಡಿದ್ದೇನೆ. ಅಂಥ ಎರಡು ಪ್ರೋಗ್ರಾಂ ಒಂದೇ ಕಂಪ್ಯೂಟರಿನಲ್ಲಿ ಸೇರಿದರೆ ಪರದೆ ಪಟಪಟ ಮಿನುಗುತ್ತಲೇ ಇರುತ್ತದೆ. ಜಗಳ ಬಿಡಿಸುವವರು ಯಾರೂ ಇಲ್ಲ.

ಡಯಲಾಗಿನ ಜಾಗ ನೆನಪಿಡುವುದರಲ್ಲೂ ಸ್ವಲ್ಪ ಜಾಣತನ ಬೇಕು. ಉತ್ತರ ಕೊಡದೆ ಮುಂದೆ ಹೋಗಲು ಬಿಡದ ಡಯಲಾಗ್ ಯಾವಾಗಲೂ ತನ್ನ ಮಾಲೀಕನ ನಡುಮಧ್ಯೆ ತೆರೆಯಲಿ. ಕೊನೆಯ ಸಲದ ಜಾಗ ಅದಕ್ಕೆ ಬೇಡವೇ ಬೇಡ.

ಓನರ್ ಕೊಟ್ಟರೆ ಬರುವ ಇನ್ನೊಂದು ತಲೆನೋವು

ಹಾಗಾದರೆ ಎಲ್ಲ ವಿಂಡೋಗೂ ಓನರ್ ಹೇಳಿಬಿಡೋಣ ಅಂತ ಹೊರಟರೆ ಮತ್ತೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ. ಇದು ಎರಡು ಮಾನಿಟರ್ ಇರುವವರಿಗೇ ಮೀಸಲಾದ ತೊಂದರೆ.

ಸಂಜೆ ಲೆಕ್ಕ ಮಾಡುವಾಗ ನೋಡಿ. ಎರಡನೇ ಮಾನಿಟರಿನಲ್ಲಿ ದಿನದ ಖರೀದಿಯ ರಿಪೋರ್ಟ್ ವಿಂಡೋ ತೆರೆದಿದೆ. ಮೊದಲ ಮಾನಿಟರಿನಲ್ಲಿ ಬಿಲ್ಲಿಂಗ್ ವಿಂಡೋದ ಮೇಲೆ ಬ್ರೌಸರ್ ತೆರೆದು ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಟುಕೊಂಡಿದ್ದಾರೆ. ಎರಡನ್ನೂ ತಾಳೆ ನೋಡಬೇಕು. ರಿಪೋರ್ಟನ್ನು ಸ್ವಲ್ಪ ಕೆಳಗೆ ಸರಿಸಲು ಅದರ ಮೇಲೆ ಕ್ಲಿಕ್ ಮಾಡುತ್ತಾರೆ. ತಕ್ಷಣ ಮೊದಲ ಮಾನಿಟರಿನಲ್ಲಿ ಬ್ಯಾಂಕಿನ ಪುಟ ಮರೆಯಾಗಿ ಬಿಲ್ಲಿಂಗ್ ವಿಂಡೋ ಮೇಲೆ ಬಂದು ಕೂರುತ್ತದೆ. ಪುನಃ ಬ್ರೌಸರ್ ತೆಗೆದರೆ, ಪುನಃ ರಿಪೋರ್ಟ್ ಮುಟ್ಟಿದಾಗ ಅದೇ ಗೋಳು.

ಯಾಕೆ ಹೀಗೆ? ರಿಪೋರ್ಟಿನ ಓನರ್ ಬಿಲ್ಲಿಂಗ್ ವಿಂಡೋ. ಅಧೀನ ವಿಂಡೋ ಸಾಲಿನ ಮುಂದಕ್ಕೆ ಬಂದಾಗ ಮಾಲೀಕನೂ ಅದರ ಬೆನ್ನಿಗೇ ಬರುತ್ತಾನೆ. ಇಬ್ಬರೂ ಬೇರೆ ಬೇರೆ ಮಾನಿಟರಿನಲ್ಲಿ ಇದ್ದಾರೆ ಅನ್ನುವುದು ಸಾಲಿಗೆ ಗೊತ್ತಿಲ್ಲ. ಒಂದೇ ಮಾನಿಟರ್ ಇದ್ದಾಗ ಈ ವರ್ತನೆ ಸಹಜ ಅನಿಸುತ್ತದೆ: ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಟೂಲ್ ಪೆಟ್ಟಿಗೆ ಮುಟ್ಟಿದರೆ ಚಿತ್ರದ ವಿಂಡೋವೂ ಮೇಲೆ ಬರಬೇಕಲ್ವಾ. ಎರಡು ಮಾನಿಟರಿನಲ್ಲಿ ಅದೇ ವರ್ತನೆ ಕಿರಿಕಿರಿ. ಸ್ಥಾನ ಬದಲಿಸುವ ಸೆಟ್‌ವಿಂಡೋಪೋಸ್ ಅನ್ನುವ ಆಜ್ಞೆಯಲ್ಲಿ 'ಮಾಲೀಕನನ್ನು ಮುಟ್ಟಬೇಡ' ಅಂತ ಹೇಳುವ ಒಂದು ಗುರುತು ಇದೆ ನಿಜ. ಆದರೆ ಅದು ನೀವೇ ಕೊಡುವ ಆಜ್ಞೆಗೆ ಮಾತ್ರ. ಬಳಸುವವರು ಮೌಸ್‌ನಲ್ಲಿ ಒತ್ತಿದಾಗ ನಡೆಯುವುದನ್ನು ಅದು ತಡೆಯುವುದಿಲ್ಲ.

ಹಾಗಾಗಿ ಪ್ರತಿ ವಿಂಡೋಗೂ ಕೇಳಬೇಕಾದ ಪ್ರಶ್ನೆ ಒಂದುಂಟು: ಮುಖ್ಯ ವಿಂಡೋವನ್ನು ಮಿನಿಮೈಸ್ ಮಾಡಿದರೂ ಇದು ಕಾಣುತ್ತಿರಬೇಕಾ? 'ದರ ಬದಲಿಸಿ' ಡಯಲಾಗ್ ಕಾಣಬೇಕಾಗಿಲ್ಲ. ಅದಕ್ಕೆ ಓನರ್ ಇರಲಿ. ರಿಪೋರ್ಟ್ ಕಾಣಬೇಕು, ಗ್ರಾಹಕರ ಪರದೆಯಂತೂ ಕಾಣಲೇಬೇಕು. ಬಿಲ್ ಮಾಡುವವರು ಒಂದು ನಿಮಿಷ ಮಿನಿಮೈಸ್ ಮಾಡಿದ್ದಕ್ಕೆ ಅಡಿಕೆ ತಂದವರ ಎದುರಿನ ತೂಕ ಮಾಯವಾದರೆ ಸಂಶಯ ಬಾರದೆ ಇರುತ್ತದಾ? ಇವೆರಡನ್ನೂ ಸ್ವತಂತ್ರ ವಿಂಡೋ ಮಾಡಬೇಕು. ಆಗ ಟಾಸ್ಕ್‌ಬಾರಿನಲ್ಲಿ ಅದಕ್ಕೆ ತನ್ನದೇ ಗುಂಡಿ ಬರುತ್ತದೆ, ಮಾಲೀಕನನ್ನು ಎಳೆದು ತರುವುದಿಲ್ಲ. ಬದಲಿಗೆ ಸ್ವಲ್ಪ ಕೆಲಸ ನಿಮ್ಮ ತಲೆಗೆ ಬೀಳುತ್ತದೆ: ಪ್ರೋಗ್ರಾಂ ಮುಚ್ಚುವಾಗ ಇವುಗಳನ್ನೂ ನೆನಪಿನಿಂದ ಮುಚ್ಚಬೇಕು, ರಿಪೋರ್ಟಿನಿಂದ ತೆರೆದ ಪ್ರಿಂಟ್ ಡಯಲಾಗಿಗೆ ರಿಪೋರ್ಟನ್ನೇ ಓನರ್ ಮಾಡಬೇಕು. ಅಭ್ಯಾಸಬಲದಿಂದ ಮುಖ್ಯ ವಿಂಡೋವನ್ನು ಓನರ್ ಮಾಡಿದರೆ ಪ್ರಿಂಟ್ ಡಯಲಾಗ್ ಬೇರೆ ಮಾನಿಟರಿನಲ್ಲಿ ಹುಟ್ಟುತ್ತದೆ.

ಒಟ್ಟಿನಲ್ಲಿ 'ಇದು ಅದರ ಮೇಲೆ ಇರಲಿ' ಅಂತ ಸಾಲಿನಲ್ಲಿ ಕೈ ಹಾಕುವ ಕೋಡ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಯಾವುದು ಯಾವುದಕ್ಕೆ ಸೇರಿದ್ದು ಅಂತ ಸರಿಯಾಗಿ ಹೇಳಿಬಿಟ್ಟರೆ ಉಳಿದದ್ದನ್ನು ವಿಂಡೋಸೂ ಬಳಸುವವರ ಮೌಸೂ ನೋಡಿಕೊಳ್ಳುತ್ತವೆ.

ಮೇಲೆ ಇರುವುದು ಬೇರೆ, ಕೀಬೋರ್ಡ್ ಹಿಡಿಯುವುದು ಬೇರೆ

ಇವೆರಡನ್ನು ಒಂದೇ ಅಂತ ತಿಳಿದರೆ ಇನ್ನೊಂದು ಬಗೆಯ ಅವಾಂತರ. ಹೊಸ ತೂಕ ಬಂದಾಗಲೆಲ್ಲ ಗ್ರಾಹಕರ ಪರದೆಯನ್ನು ಮೇಲೆ ತರುವ ಕೋಡ್ ಇದೆ ಅಂದುಕೊಳ್ಳಿ. ಬಿಲ್ ಮಾಡುವವರು ಗೋಣಿಯ ಲೆಕ್ಕ 12 ಅಂತ ಹಾಕುತ್ತಿದ್ದಾರೆ. 1 ಒತ್ತಿದರು, ಅಷ್ಟರಲ್ಲಿ ತೂಕ ಬಂತು, ಪರದೆ ಮೇಲೆ ಬಂತು, ಕೀಬೋರ್ಡೂ ಅದರ ಪಾಲಾಯಿತು. 2 ಎಲ್ಲಿಗೋ ಹೋಯಿತು. ಬಿಲ್ಲಿನಲ್ಲಿ ಗೋಣಿ ಒಂದೇ! ಮೇಲೆ ತರುವಾಗ 'ಸಕ್ರಿಯ ಮಾಡಬೇಡ' ಅನ್ನುವ ಗುರುತನ್ನೂ ಸೇರಿಸಿದರೆ ಇದು ತಪ್ಪುತ್ತದೆ. ಗ್ರಾಹಕರ ಪರದೆಯಲ್ಲಿ ಯಾರೂ ಟೈಪ್ ಮಾಡುವುದಿಲ್ಲವಾದ್ದರಿಂದ ಅದಕ್ಕೆ ಕೀಬೋರ್ಡ್ ಎಂದೂ ಸಿಗದ ಹಾಗೆ ಹುಟ್ಟುವಾಗಲೇ ಗುರುತು ಹಾಕುವುದು ಇನ್ನೂ ಉತ್ತಮ.

ಬೇರೆ ಪ್ರೋಗ್ರಾಂ ಬಳಸುತ್ತಿರುವವರ ಎದುರಿಗೆ ನಿಮ್ಮ ಪ್ರೋಗ್ರಾಂ ಧುತ್ತೆಂದು ಎದ್ದು ನಿಲ್ಲುವುದನ್ನು ವಿಂಡೋಸ್ ಹೇಗೂ ಬಿಡುವುದಿಲ್ಲ. ವಿಂಡೋಸ್ 98 ಮತ್ತು 2000ರ ಕಾಲದಿಂದ ಈ ಕಟ್ಟುಪಾಡು ಇದೆ. ಹಿನ್ನೆಲೆಯಲ್ಲಿರುವ ಪ್ರೋಗ್ರಾಂ ಮುಂದೆ ಬರಲು ಕೇಳಿದರೆ ಟಾಸ್ಕ್‌ಬಾರಿನ ಗುಂಡಿ ಮಿನುಗುತ್ತದೆ, ಅಷ್ಟೇ. ಇದನ್ನು ದಾಟಲು ಜನ ಕಂಡುಹಿಡಿದ ಕಳ್ಳದಾರಿಗಳು ಬಹಳ ಇವೆ. ಯಾವುದೂ ಬೇಡ. ಮಿನುಗುವ ಗುಂಡಿಯೇ ಸಾಕಷ್ಟು ಮರ್ಯಾದೆಯ ದಾರಿ. ಅಂದ ಹಾಗೆ ಒಂದಕ್ಕಿಂತ ಹೆಚ್ಚು ಮಾನಿಟರ್ ಜೋಡಿಸುವ ಸೌಲಭ್ಯ ವಿಂಡೋಸ್‌ಗೆ ಬಂದದ್ದೂ 98ರಲ್ಲೇ. ಆ್ಯಪಲ್‌ನ ಮ್ಯಾಕಿಂತೋಷ್ 2 ಅದನ್ನು 1987ರಲ್ಲೇ ಮಾಡಿತ್ತು.

ಕರೆಂಟು ಹೋಗಿ ಬಂದಾಗ

ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಇದನ್ನು ಮರೆಯುವ ಹಾಗಿಲ್ಲ. ಯುಪಿಎಸ್‌ಗೆ ಕಂಪ್ಯೂಟರ್ ಮತ್ತು ಒಂದು ಮಾನಿಟರ್ ಮಾತ್ರ ಜೋಡಿಸಿರುತ್ತಾರೆ. ಕರೆಂಟು ಹೋದಾಗ ಎರಡನೇ ಮಾನಿಟರ್ ಆರುತ್ತದೆ. ಕೆಲವು ಮಾನಿಟರುಗಳು ಆರಿದರೆ ಕಂಪ್ಯೂಟರಿಗೆ ಕೇಬಲ್ ಕಿತ್ತ ಹಾಗೆಯೇ ಕಾಣುತ್ತದೆ. ಆಗ ವಿಂಡೋಸ್ ಆ ಬದಿಯ ವಿಂಡೋಗಳನ್ನೆಲ್ಲ ಉಳಿದ ಮಾನಿಟರಿಗೆ ತಂದು ಹಾಕುತ್ತದೆ. ಪೂರ್ತಿ ಪರದೆ ತುಂಬುವ ಗ್ರಾಹಕರ ವಿಂಡೋ ಬಿಲ್ಲಿಂಗ್ ವಿಂಡೋದ ಮೇಲೆಯೇ ಬಂದು ಬಿದ್ದರೆ? ಅದೂ ಟಾಪ್‌ಮೋಸ್ಟ್ ಆಗಿದ್ದರೆ? ಕೆಲಸವೇ ನಿಂತ ಹಾಗೆ. ಮಾನಿಟರ್ ಸಂಖ್ಯೆ ಬದಲಾದಾಗ ವಿಂಡೋಸ್ ಎಲ್ಲ ಪ್ರೋಗ್ರಾಂಗಳಿಗೂ ಸುದ್ದಿ ಕೊಡುತ್ತದೆ. ಅದನ್ನು ಕೇಳಿಸಿಕೊಂಡು, ಎರಡನೇ ಮಾನಿಟರ್ ಇಲ್ಲ ಅಂತಾದರೆ ಗ್ರಾಹಕರ ವಿಂಡೋವನ್ನು ಅಡಗಿಸಿ, ಬಂದ ಮೇಲೆ ಪುನಃ ತೋರಿಸಬೇಕು. ಉಳಿಸಿಟ್ಟ ಜಾಗದಲ್ಲಿ ಈಗ ಯಾವುದಾದರೂ ಮಾನಿಟರ್ ಇದೆಯಾ ಅಂತ ಪ್ರತಿಸಲ ತೆರೆಯುವ ಮೊದಲೂ ಕೇಳಬೇಕು. ಮಿನಿಮೈಸ್ ಆದ ವಿಂಡೋವನ್ನು 'ಎಲ್ಲಿದ್ದೀಯಾ' ಅಂತ ಕೇಳಿದರೆ -32000 ಅನ್ನುತ್ತದೆ. ಅದನ್ನೇ ಉಳಿಸಿಟ್ಟರೆ ಮರುದಿನ ವಿಂಡೋ ಹುಡುಕಿದರೂ ಸಿಗುವುದಿಲ್ಲ. 2021ರ ವಿಂಡೋಸ್ 11ರಲ್ಲಿ ಮಾನಿಟರ್ ಮರಳಿದಾಗ ವಿಂಡೋಗಳನ್ನು ಹಳೆಯ ಜಾಗಕ್ಕೆ ಸೇರಿಸುವ ಸೆಟ್ಟಿಂಗ್ ಇದೆ. ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಕೇರಳದ ಶಾಲೆಗಳಲ್ಲಿ ಕಲಿಸುವುದು ಉಬುಂಟು ಆಧಾರಿತ ಲಿನಕ್ಸ್. ಹಾಗಾಗಿ ಕಾಸರಗೋಡಿನ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ, 'ವಿಂಡೋಸ್ ಯಾಕೆ, ಅದರಲ್ಲೇ ಮಾಡಬಹುದಲ್ಲ' ಅಂತ ಕೇಳುವವರೂ ಇದ್ದಾರೆ. ಮಾಡಬಹುದು, ಆದರೆ ನಿಯಮ ಸ್ವಲ್ಪ ಬೇರೆ. ಲಿನಕ್ಸ್‌ನಲ್ಲಿ ವಿಂಡೋಗಳನ್ನು ತೆರೆಗೆ ತರುವ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಸಾಲನ್ನು ನೋಡಿಕೊಳ್ಳುವುದು ವಿಂಡೋ ಮ್ಯಾನೇಜರ್ ಅನ್ನುವ ಬೇರೆ ಪ್ರೋಗ್ರಾಂ. ಪ್ರೋಗ್ರಾಂ 'ಮೇಲೆ ಇಡಿ' ಅಂತ ಕೋರಿಕೆ ಸಲ್ಲಿಸಬಹುದು, ಒಪ್ಪುವುದು ಬಿಡುವುದು ಅದರ ಇಷ್ಟ. ಹೊಸ ವೇಲ್ಯಾಂಡ್‌ನಲ್ಲಿ ಇನ್ನೂ ಬಿಗಿ. ಸಾಮಾನ್ಯ ಪ್ರೋಗ್ರಾಂಗೆ ತಾನು ಬಯಲಿನಲ್ಲಿ ಎಲ್ಲಿದ್ದೇನೆ ಅಂತಲೂ ತಿಳಿಯುವುದಿಲ್ಲ, 'ಸದಾ ಮೇಲೆ' ಅಂತ ಕೇಳುವ ದಾರಿಯೂ ಅದರ ಮೂಲ ನಿಯಮಗಳಲ್ಲಿ ಇಲ್ಲ. ಈ ಡಯಲಾಗ್ ಆ ವಿಂಡೋಗೆ ಸೇರಿದ್ದು ಅಂತ ಹೇಳಬಹುದು, ಈ ವಿಂಡೋ ಇಂಥ ಮಾನಿಟರ್ ತುಂಬಲಿ ಅಂತ ಕೋರಬಹುದು. ಗ್ರಾಹಕರ ಪರದೆಗೆ ಅಷ್ಟು ಸಾಕು. ಮ್ಯಾಕ್‌ನಲ್ಲಿ ಎರಡೇ ಭಾಗದ ಬದಲು ಅಂಕಿ ಹಾಕಿದ ಹಲವು ಮಟ್ಟಗಳಿವೆ: ಸಾಮಾನ್ಯ ವಿಂಡೋ 0, ತೇಲುವ ಪೆಟ್ಟಿಗೆ 3, ಸ್ಕ್ರೀನ್ ಸೇವರ್ 1000. 2013ರ ಮ್ಯಾವೆರಿಕ್ಸ್‌ನಿಂದ ಅಲ್ಲಿ ಪ್ರತಿ ಮಾನಿಟರಿಗೂ ಪ್ರತ್ಯೇಕ ಸ್ಪೇಸ್, ಅಂದರೆ ತನ್ನದೇ ಡೆಸ್ಕ್‌ಟಾಪ್, ಕೊಡಬಹುದು. ಆಗ ಒಂದು ವಿಂಡೋ ಎರಡು ಮಾನಿಟರಿಗೆ ಹರಡಿ ಕೂರುವುದಿಲ್ಲ.

ಸಾಲು ನಿಜವಾಗಿ ಹೇಗಿದೆ ಅಂತ ಕಣ್ಣಾರೆ ನೋಡಬಹುದು. ಕೋಡ್ ಬರೆಯಲು ಬಳಸುವ ವಿಷುಯಲ್ ಸ್ಟುಡಿಯೋ ಜತೆ ಬರುವ ಸ್ಪೈ ಪ್ಲಸ್ ಪ್ಲಸ್ ಅನ್ನುವ ಸಾಧನ ಪ್ರತಿ ವಿಂಡೋದ ಓನರ್ ಯಾರು, ಟಾಪ್‌ಮೋಸ್ಟ್ ಗುರುತು ಇದೆಯಾ ಅಂತ ತೋರಿಸುತ್ತದೆ. ಎಕ್ಸ್11ನಲ್ಲಿ ಎಕ್ಸ್‌ಪ್ರಾಪ್ ಆಜ್ಞೆಯಿಂದ ಸಾಲನ್ನು ಅಡಿಯಿಂದ ಮೇಲಕ್ಕೆ ಪಡೆಯಬಹುದು. ಪ್ರೋಗ್ರಾಂ ಅಂಗಡಿಗೆ ಕಳಿಸುವ ಮೊದಲು ಎರಡು ಮಾನಿಟರ್ ಜೋಡಿಸಿ ಒಂದೊಂದು ಡಯಲಾಗನ್ನೂ ತೆರೆದು, ಇನ್ನೊಂದು ಮಾನಿಟರಿಗೆ ಎಳೆದು, ಮುಚ್ಚಿ ಪುನಃ ತೆರೆಯಿರಿ. ನಡುವೆ ಎರಡನೇ ಮಾನಿಟರಿನ ಪ್ಲಗ್ ಕಿತ್ತು ನೋಡಿ. ಮಾನಿಟರನ್ನು ಬಲದಿಂದ ಎಡಕ್ಕೆ ಇಟ್ಟು ಪುನಃ ಇದನ್ನೇ ಮಾಡಿ. ಅಂಗಡಿಯ ಕೌಂಟರಿನಲ್ಲಿ ಅದು ಯಾವ ಬದಿಗೆ ಬರುತ್ತದೆ ಅನ್ನುವುದು ಪ್ಲಗ್ ಪಾಯಿಂಟ್ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ.